ನಮ್ಮ ಅತ್ತೆಗೆ ಕಣ್ಣು ಕಾಣಿಸಿದ ವರ್ಷ

ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬ ಸಂಗತಿ ಹೂವಿನ ಹಿಪ್ಪರಗಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಅವರ ಲೆಕ್ಕದಲ್ಲಿ ಕೆಟ್ಟಿದ್ದು ಅವರ ಕಣ್ಣಲ್ಲ, ಕಾಲ. ಬಲ್ಬುಗಳು ಮೊದಲಿನಂತೆ ಉರಿಯುತ್ತಿರಲಿಲ್ಲ, ಸೀರೆಗಳಿಗೆ ಬಣ್ಣ ಸರಿಯಾಗಿ ಹಾಕುತ್ತಿರಲಿಲ್ಲ, ಜನ ಮುಖ ತೊಳೆಯುವುದನ್ನೇ ಬಿಟ್ಟಿದ್ದರು. ಒಮ್ಮೆ ಬಾಗಿಲಲ್ಲಿ ನಿಂತ ಅಂಚೆಯವನನ್ನು "ಯಾರಪಾ ಅಂವ, ಸ್ವಲ್ಪ ಬೆಳಕಿಗಿ ಬಂದು ನಿಲ್ಲು" ಎಂದು ಗದರಿದರು. ಅವನು ನಡು ಮಧ್ಯಾಹ್ನದ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

ನಾನು ಇಂಡಿ ತಾಲ್ಲೂಕಿನ ಒಂದು ನಿಂಬೆ ತೋಟದ ಮನೆಯವಳು. ತೊಂಬತ್ತರ ದಶಕದ ನಡುವೆ ಈ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ನನಗಿಂತ ಮೊದಲೇ ಬಂದ ನೆಗೆಣ್ಣಿ, ಭಾವನ ಹೆಂಡತಿ, ಇದ್ದಳು. ಅತ್ತೆ ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ಅವಳು ದೊಡ್ಡಾಕಿ, ನಾನು ಸಣ್ಣಾಕಿ. ಭಾವ ಹೊಲ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಬಸವನ ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತು ಊರನ್ನು ನೋಡಿಕೊಳ್ಳುತ್ತಿದ್ದರು. ಇವರೆಲ್ಲರನ್ನೂ ಅತ್ತೆ ನೋಡಿಕೊಳ್ಳುತ್ತಿದ್ದರು, ಕಣ್ಣಿಲ್ಲದೆ.

ಅದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದೇ ಒಂದು ವಿದ್ಯೆ. ಹೆಜ್ಜೆಯ ಸಪ್ಪಳದಿಂದ ಯಾರು ಬಂದರೆಂದು ಹೇಳುತ್ತಿದ್ದರು. ರೊಟ್ಟಿ ಬಡಿಯುವ ಸದ್ದಿನಿಂದ ಹಿಟ್ಟು ಹದವಾಗಿದೆಯೋ ಇಲ್ಲವೋ ತಿಳಿಯುತ್ತಿದ್ದರು. ಮಧ್ಯಾಹ್ನ ನಾವಿಬ್ಬರೂ ಕದ್ದು ಮಿರ್ಚಿ ಭಜಿ ಕರಿದರೆ ಮೂಗೇ ಮೊದಲು ಎದ್ದು ಕೂರುತ್ತಿತ್ತು, ಆಮೇಲೆ ಅತ್ತೆ. ಸೊಂಟದಲ್ಲಿ ಕೀಲಿಗೊಂಚಲು ಸದಾ ಇರುತ್ತಿತ್ತು. ಪ್ರತಿ ಕೀಲಿಯ ಹಲ್ಲೂ ಬೆರಳಿಗೆ ಪಾಠವಾಗಿತ್ತು. ಆದರೆ ಎಲ್ಲ ವಿದ್ಯೆಗೂ ಒಂದು ಮಿತಿ ಇರುತ್ತದಲ್ಲ. ಒಂದು ಬೆಳಗ್ಗೆ ಪಡಸಾಲೆಯ ಮೂಲೆಯಲ್ಲಿ ಯಾರೋ ಇಳಿಸಿಹೋದ ಜೋಳದ ಚೀಲದ ಮೇಲೆ ನನ್ನ ಒಣಗಿದ ಸೀರೆ ಬಿದ್ದಿತ್ತು. ಅತ್ತೆ ಆ ಚೀಲವನ್ನು ನಾನೆಂದೇ ತಿಳಿದು ಮನಸಾರೆ ಬೈದರು. ಹೊತ್ತು ಏರುವವರೆಗೆ ಮಲಗುವುದು, ಸಾಲಿ ಕಲಿತಿದ್ದೇನೆಂಬ ಸೊಕ್ಕು, ತವರಿನವರು ಹಬ್ಬಕ್ಕೆ ಬರೀ ನಿಂಬೆಹಣ್ಣು ಕಳಿಸಿದ್ದು, ಎಲ್ಲ ಬಂತು. ನಾನು ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ. ಕೊನೆಗೆ ಅತ್ತೆ, "ಇವತ್ತರ ಎದುರ ಮಾತಾಡಲಿಲ್ಲ ನೋಡು, ಸುಧಾರಿಸ್ಯಾಳ" ಎಂದು ಸಮಾಧಾನದಿಂದ ಎದ್ದುಹೋದರು. ಚೀಲದ ಪುಣ್ಯದಿಂದ ನನಗೆ ಒಳ್ಳೆಯ ಹೆಸರು ಬಂತು.

ಅವರಿಗೆ ಆಗಿದ್ದು ಮೋತಿಬಿಂದು. ಕಣ್ಣಿನ ಮುಂದೆ ಮಂಜು ಕಟ್ಟಿದ ಹಾಗೆ ಪೊರೆ ಬರುವುದು. ಆಪರೇಷನ್ ಮಾಡಿದರೆ ಹೋಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಾವಾಗ ಎಂಬುದಕ್ಕೆ ನಮ್ಮ ಮನೆಯ ಪಂಚಾಂಗದಲ್ಲಿ ತಿಂಗಳೇ ಇರಲಿಲ್ಲ. ಸುಗ್ಗಿಯಲ್ಲಿ ಹೇಳಿದರೆ ಮಾವ, "ರಾಶಿ ಮುಗೀಲಿ" ಅನ್ನುತ್ತಿದ್ದರು. ರಾಶಿ ಮುಗಿಯುವಷ್ಟರಲ್ಲಿ ಬೇಸಿಗೆ. ಬೇಸಿಗೆಯಲ್ಲಿ ಕಣ್ಣು ಕೊಯ್ದರೆ ಕೀವು ಆಗುತ್ತದಂತೆ. ಮಳೆಗಾಲದಲ್ಲಿ ಕೊಯ್ದರೆ ನೀರು ತುಂಬುತ್ತದಂತೆ. ಶ್ರಾವಣದಲ್ಲಿ ರಕ್ತ ಬೀಳಬಾರದು. ದೀಪಾವಳಿಗೆ ಮಗಳು ಬರುತ್ತಾಳೆ. ಅದಾದ ಮೇಲೆ ಚಳಿ, ಮತ್ತೆ ಸುಗ್ಗಿ. ಭಾವನಿಗೆ ಬೇರೆಯೇ ಚಿಂತೆ. "ಆ ಕಡಿ ಹಳ್ಳ್ಯಾಗ ಒಬ್ಬಂವಂದು ಕಣ್ಣ ತಗದು ಗೋಲಿ ಇಟ್ಟಾರಂತ" ಎಂದು ಪ್ರತಿ ಸಲ ಹೇಳುತ್ತಿದ್ದರು. ಯಾವ ಹಳ್ಳಿ ಎಂದು ಕೇಳಿದರೆ ಹಳ್ಳಿ ಬದಲಾಗುತ್ತಿತ್ತು, ಗೋಲಿ ಬದಲಾಗುತ್ತಿರಲಿಲ್ಲ.

ನಾನು ಒಮ್ಮೆ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಮನೆಗೆ ಕರೆತಂದೆ. ಅವರು ಟಾರ್ಚ್ ಬಿಟ್ಟು ನೋಡಿ, "ಎರಡೂ ಕಣ್ಣಾಗ ಪೊರಿ ಬಂದೈತ್ರಿ, ಈಗ ಮಾಡಸ್ಬಹುದು" ಅಂದರು.

"ಹಣ್ಣಾಗೈತೇನು?" ಎಂದರು ಅತ್ತೆ.

"ಹಣ್ಣ ಆಗೋದೇನೂ ಬೇಕಾಗಿಲ್ರಿ ಈಗ."

"ಕಾಯಿ ಇದ್ದಾಗ ಕಿತ್ತರ ಹುಳಿ ಇರ್ತೈತಿ" ಎಂದು ಅತ್ತೆ ಮುಖ ತಿರುಗಿಸಿದರು. ನರ್ಸಮ್ಮ ಟಾರ್ಚ್ ಆರಿಸಿ, ಚಹಾ ಕುಡಿದು ಹೋದರು.

ಹಣ್ಣಾಗಲಿ ಎಂದು ಕಾಯುತ್ತ ಕೂತಿದ್ದರೆ ಪರವಾಗಿರಲಿಲ್ಲ. ನಡುವೆ ಔಷಧಿಗಳು ಬಂದವು. ನನಗೆ ಮಗ ಹುಟ್ಟಿ ಬಾಣಂತನ ಮುಗಿಸಿ ತವರಿನಿಂದ ಬಂದ ಹೊಸತು. ಗಂಡು ಕೂಸಿನ ತಾಯಿಯ ಹಾಲು ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತದೆ ಎಂದು ಯಾರೋ ಪುಣ್ಯಾತ್ಗಿತ್ತಿ ಹೇಳಿದಳು. ಅವತ್ತಿನಿಂದ ನನ್ನ ಮಗನ ಪಾಲಿನಲ್ಲಿ ಅತ್ತೆಗೂ ಒಂದು ಪಾಲು. ಬೆಳಗ್ಗೆ ಅವರು ನನ್ನ ಎದುರು ಕತ್ತೆತ್ತಿ ಕೂರುವುದು, ನಾನು ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈಯಲ್ಲಿ ಗುರಿ ಹಿಡಿಯುವುದು, ದೊಡ್ಡಾಕಿ ಗೋಡೆಗೆ ಮುಖ ಮಾಡಿ ನಗು ತಡೆಯುವುದು. ನನ್ನ ಮಗ ಈ ಪಾಲುದಾರಿಕೆಯನ್ನು ಒಪ್ಪದೆ ಕಿರುಚುತ್ತಿದ್ದ. ನೆಗೆಣ್ಣಿಗೆ ಇಬ್ಬರೂ ಹೆಣ್ಣುಮಕ್ಕಳು. "ನನ್ನ ಹಾಲ ನಡಿಯಂಗಿಲ್ಲಂತ, ಬಚಾವಾದೆ" ಎಂದಳು. ಹೆಣ್ಣು ಹಡೆದದ್ದಕ್ಕೆ ಈ ಮನೆಯಲ್ಲಿ ಅವಳಿಗೆ ಸಿಕ್ಕ ಲಾಭ ಅದೊಂದೇ.

ಹಾಲಿನಿಂದ ಪೊರೆ ಕರಗಲಿಲ್ಲ. ಮುಂದಿನದು ಅತ್ತೆಯ ತಮ್ಮ ಮುದ್ದೇಬಿಹಾಳದ ಕಡೆಯಿಂದ ಬಾಟಲಿಯಲ್ಲಿ ತಂದ ಎಲೆಯ ರಸ. ಯಾವ ಎಲೆ ಎಂದು ಹೇಳಿದರೆ ಗುಣ ಹೋಗುತ್ತದೆ ಎಂದು ಆತ ಹೇಳಲೇ ಇಲ್ಲ. ಒಂದೇ ಹನಿಗೆ ಎಡಗಣ್ಣು ಬದನೆಕಾಯಿಯಷ್ಟು ಬಾತುಕೊಂಡಿತು. ಅತ್ತೆ ಅಳಲಿಲ್ಲ. "ಔಷಧ ಹತ್ತೈತಿ ನೋಡು, ಅದಕ್ಕ ಉರಿತೈತಿ" ಎಂದು ಹಲ್ಲು ಕಚ್ಚಿ ಕೂತರು. ಕೊನೆಗೆ ನನ್ನ ಗಂಡ ಬಾಗೇವಾಡಿಯಿಂದ ಮುಲಾಮು ತಂದರು. ಬಾವು ಇಳಿಯಿತು. ಉಳಿದ ರಸವನ್ನು ನಾನು ತಿಪ್ಪೆಗೆ ಚೆಲ್ಲಿದೆ. ಅಲ್ಲಿ ಏನು ಬೆಳೆಯಿತೋ ನೋಡಲಿಲ್ಲ.

ಇಷ್ಟೆಲ್ಲ ಆದರೂ ಒತ್ತಾಯ ಮಾಡಿ ಕರೆದೊಯ್ಯುವವರು ಯಾರೂ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅತ್ತೆಯ ಕಣ್ಣಿನಿಂದ ಯಾರಿಗೂ ತುರ್ತು ಕೆಲಸ ಇರಲಿಲ್ಲ. ಮಾವನಿಗೆ ಕಟ್ಟೆಯ ಮೇಲೆ ಇಸ್ಪೀಟು ಆಡಲು ಅನುಕೂಲವಾಗಿತ್ತು. ಭಾವ ಹೊಲದ ದಾರಿ ಬಿಟ್ಟು ಸಂತೆಯ ದಾರಿ ಹಿಡಿದರೆ ಕೇಳುವವರಿಲ್ಲ. ನಾವು ಸೊಸೆಯಂದಿರು ಟಿವಿಯ ಸದ್ದು ತೆಗೆದು ಬರೀ ಚಿತ್ರ ನೋಡುತ್ತ ಕೂರಬಹುದಿತ್ತು. ಯಾರು ಯಾರಿಗೆ ಏನಂದರು ಎಂದು ನೆಗೆಣ್ಣಿಯೇ ಊಹಿಸಿ ಕಿವಿಯಲ್ಲಿ ಹೇಳುತ್ತಿದ್ದಳು. ಆಮೇಲೆ ಒಮ್ಮೆ ಸದ್ದಿಟ್ಟು ನೋಡಿದಾಗ ಕಥೆ ಅವಳು ಹೇಳಿದ್ದಕ್ಕಿಂತ ಸಪ್ಪೆಯಾಗಿತ್ತು.

ಗಾಳಿ ತಿರುಗಿದ್ದು ನಾದಿನಿಯ ಕುಬಸದ ದಿನ. ಅತ್ತೆಯ ಒಬ್ಬಳೇ ಮಗಳನ್ನು ಸಿಂದಗಿ ತಾಲ್ಲೂಕಿನ ಯಂಕಂಚಿಗೆ ಕೊಟ್ಟಿತ್ತು. ಚೊಚ್ಚಲ ಬಸಿರಿನ ಸೀಮಂತ, ಅಂದರೆ ಕುಬಸ, ನಮ್ಮ ಮನೆಯಲ್ಲಿ. ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಕೆಲವು ತಿಂಗಳ ಹಿಂದಷ್ಟೇ ಸಿಂದಗಿಯ ಶಿಬಿರದ ಮೂಲಕ ಮೋತಿಬಿಂದು ತೆಗೆಸಿಕೊಂಡಿದ್ದರು. ಬಾಟಲಿಯ ತಳದಷ್ಟು ದಪ್ಪದ ಕನ್ನಡಕ. ಅದರ ಹಿಂದೆ ಕಣ್ಣುಗಳು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಆ ಕಣ್ಣುಗಳನ್ನು ಹೊತ್ತು ಅವರು ನಮ್ಮ ಮನೆಯೊಳಗೆ ಕಾಲಿಟ್ಟರು, ಹೊಸದಾಗಿ ಕೆಲಸಕ್ಕೆ ಸೇರಿದ ಇನ್ಸ್‌ಪೆಕ್ಟರ್ ಹಾಗೆ.

ತೊಲೆಯ ಜೇಡರಬಲೆ ನೋಡಿದರು. ಅಕ್ಕಿಯಲ್ಲಿನ ಹರಳು ನೋಡಿದರು. ನನ್ನ ಕುಪ್ಪಸದ ಹರಿದ ತೋಳು ನೋಡಿದರು. ಕೊನೆಗೆ ಅತ್ತೆಯನ್ನು ನೋಡಿ, "ಬೀಗರ, ಸೀರಿ ತಿರುವ್ಯಾಡಿ ಉಟ್ಟೀರಲ್ರಿ" ಅಂದರು. ಅತ್ತೆ ರೇಷ್ಮೆ ಸೀರೆಯನ್ನು ಒಳಮಗ್ಗಲು ಹೊರಗೆ ಮಾಡಿ ಉಟ್ಟಿದ್ದರು. ನಾವಿಬ್ಬರೂ ಅದನ್ನು ಬೆಳಗ್ಗೆಯೇ ನೋಡಿದ್ದೆವು. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಹಂಗ ಉಟ್ಟರ ಜರಿ ತಿಕ್ಕಂಗಿಲ್ಲ" ಎಂದರು ಅತ್ತೆ, ತಡಮಾಡದೆ.

ಊಟಕ್ಕೆ ಸಾಲು ಹಾಕಿದೆವು. ಬೀಗರಿಗೆ ತುಪ್ಪ ಬಡಿಸುವುದು ಮನೆಯ ಯಜಮಾನಿಯ ಹಕ್ಕು. ನೆಗೆಣ್ಣಿ ತುಪ್ಪದ ಮಿಳ್ಳಿಗೆ ಕೈ ಚಾಚಿದರೂ ಅತ್ತೆ ಬಿಡಲಿಲ್ಲ. ಹೋಳಿಗೆಯ ವಾಸನೆ ಹಿಡಿದು ಸಾಲಿನುದ್ದಕ್ಕೂ ಸರಿಯಾಗಿಯೇ ಬಂದರು. ಬೀಗತಿಯ ಮುಂದೆ ಬಗ್ಗಿ, "ಬ್ಯಾಡನಬಾರದ್ರಿ" ಎಂದು ಧಾರಾಳವಾಗಿ ಹೊಯ್ದರು. ತುಪ್ಪ ಬೀಗತಿಯ ಮಡಿಲಿಗೆ ಬಿತ್ತು.

"ಬೀಗರ," ಎಂದರು ಬೀಗತಿ, ಸೀರೆಯನ್ನು ಎತ್ತಿ ಹಿಡಿದು, "ತುಪ್ಪ ಗಂಗಾಳಕ್ಕ ಹಾಕಬೇಕ್ರಿ, ನನಗಲ್ಲ."

ಮಕ್ಕಳು ನಕ್ಕವು. ಆಮೇಲೆ ಗಂಡಸರೂ ನಕ್ಕರು. ಅತ್ತೆ ಮಿಳ್ಳಿ ಹಿಡಿದು ನಿಂತೇ ಇದ್ದರು. ಬೀಗತಿ ಕೆಟ್ಟವರೇನಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನದ ದನಿಯಲ್ಲೇ ಹೇಳಿದರು: "ಹಟ ಬಿಡ್ರಿ. ಇಲ್ಲಾಂದ್ರ ನಾಳಿ ಕೂಸು ಹುಟ್ಟಿದ ಮ್ಯಾಲ ಅದು ಯಾರಂಗ ಐತಿ ಅಂತ ನಾ ನೋಡಿ ಹೇಳ್ಬೇಕು, ನೀವು ಕೇಳ್ಬೇಕು."

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೆ ನಾಟಿತು. ಬೀಗರ ಗಾಡಿ ಊರು ದಾಟಿದ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ನನ್ನ ಮಗ ಆಗ ನಡೆಯುತ್ತಿದ್ದ, ಅವರ ಕಾಲಿಗೆ ತೊಡರಿಕೊಂಡು ನಿಂತಿದ್ದ. ಅವನ ತಲೆಯ ಮೇಲೆ ಕೈಯಾಡಿಸುತ್ತ, "ಸಣ್ಣಾಕಿ, ಇಂವ ಯಾರಂಗ ಅದಾನ?" ಎಂದು ಕೇಳಿದರು.

"ನಿಮ್ಮಂಗ ಅದಾನ್ರಿ ಅತ್ತಿ. ಹಣಿ, ಮೂಗ, ಎಲ್ಲಾ."

"ಖರೆ ಹೇಳ್ತಿಯೋ, ನನ್ನ ಖುಷಿಗೆ ಹೇಳ್ತಿಯೋ?"

"ಖರೇನ್ರಿ."

ಅತ್ತೆ ಅವನ ಹಣೆ, ಮೂಗಿನ ಮೇಲೆ ಬೆರಳಾಡಿಸಿದರು. "ಇವನ ವಾಸನಿ ಗೊತ್ತೈತಿ ನನಗ, ದನಿ ಗೊತ್ತೈತಿ. ಮಾರಿ ನೋಡಿಲ್ಲ ಬೇ ನಾ" ಎಂದರು. ನಾನು ಆ ಮನೆಗೆ ಬಂದ ಅಷ್ಟು ವರ್ಷದಲ್ಲಿ ಅವರು ಕಣ್ಣು ಕಾಣುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಕೂಡಲೇ, "ನಿಂತ್ಯಾಕ? ಎಲ್ಲೈತಿ ಕಣ್ಣಿನ ದವಾಖಾನಿ, ವಿಚಾರ ಮಾಡು. ಆ ಯಂಕಂಚಿಯಾಕಿಗಿಂತ ಚಲೋ ಕಣ್ಣ ಹಾಕಸ್ಕೋಬೇಕು" ಎಂದು ಗದರಿದರು.

ಬಾಗೇವಾಡಿಯ ಶಾಲೆಯೊಂದರಲ್ಲಿ ನೇತ್ರ ತಪಾಸಣಾ ಶಿಬಿರ ಇದೆ ಎಂದು ನನ್ನ ಗಂಡನೇ ಸುದ್ದಿ ತಂದರು. ಸುದ್ದಿ ತಂದದ್ದು ಅವರೇ ಆದರೂ ಜೊತೆಗೆ ಬರಲು ಅಂಗಡಿ ಬಿಡುವಂತಿರಲಿಲ್ಲ. ಭಾವನಿಗೆ ಎತ್ತು, ಮಾವನಿಗೆ ಮೊಣಕಾಲು. ಹೆಂಗಸರಿಬ್ಬರೇ ಹೇಗೆ ಹೋಗುತ್ತೀರಿ ಎಂದು ಗಂಡಸರೆಲ್ಲ ಸೇರಿ ಚಿಂತಿಸಿದರು. ಅವರ ಚಿಂತೆ ಮುಗಿಯುವುದರೊಳಗೆ ನಾನು ಮಗನನ್ನು ನೆಗೆಣ್ಣಿಯ ಕೈಗಿತ್ತು, ಅತ್ತೆಯ ಕೈ ಹಿಡಿದು ಬೆಳಗಿನ ಬಸ್ಸು ಹತ್ತಿದ್ದೆ.

ಶಿಬಿರದಲ್ಲಿ ಉದ್ದ ಸಾಲು. ಗೋಡೆಗೆ ಒಂದು ಪಟ ತೂಗುಹಾಕಿದ್ದರು. ಇಂಗ್ಲಿಷಿನ ಒಂದೇ ಅಕ್ಷರ ಬಾಚಣಿಗೆಯಂತೆ ಹಲ್ಲು ಚಾಚಿಕೊಂಡು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಅಡ್ಡಕ್ಕೆ ಬಿದ್ದಿತ್ತು. ಹಲ್ಲು ಯಾವ ಕಡೆಗಿದೆ ಎಂದು ಕೂತವರು ಹೇಳಬೇಕು. ಸಾಲು ಮುಂದೆ ಸರಿಯುತ್ತಿದ್ದಂತೆ ಅತ್ತೆ ಮಾತು ನಿಲ್ಲಿಸಿದರು. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಜಪ ಮಾಡುತ್ತಿದ್ದಾರೆ, ಹೆದರಿದ್ದಾರೆ ಎಂದು ನಾನು ಬೆನ್ನು ಸವರಿದೆ.

ಅವರ ಸರದಿ ಬಂತು. ತಪಾಸಣೆಯ ತರುಣ ಒಂದು ಕಣ್ಣು ಮುಚ್ಚಿಸಿ ಕೋಲು ಇಟ್ಟು, "ಇದು ಯಾವ ಕಡೆ ಐತ್ರಿ ಅಜ್ಜಿ?" ಎಂದ.

"ಬಲಕ್ಕ," ಎಂದರು ಅತ್ತೆ. "ಮ್ಯಾಲ. ಎಡಕ್ಕ. ಕೆಳಗ. ಕೆಳಗ. ಬಲಕ್ಕ." ಕೋಲು ಎರಡನೆಯ ಸಾಲಿಗೆ ಹೋಗುವ ಮೊದಲೇ ಅವರು ಐದನೆಯ ಸಾಲು ಮುಗಿಸಿದ್ದರು.

ತರುಣನಿಗೆ ಸಂತೋಷವಾಯಿತು. "ಈ ವಯಸ್ಸಿನ್ಯಾಗೂ ಏನ ಕಣ್ಣ್ರಿ ನಿಮ್ಮವು. ನೀವು ಮನಿಗಿ ಹೋಗಬಹುದು" ಎಂದ.

ಅತ್ತೆ ಗೆದ್ದ ಮುಖ ಮಾಡಿಕೊಂಡು ಎದ್ದು ಸೀದಾ ಬೆಂಚಿಗೆ ಹೋಗಿ ಡಿಕ್ಕಿ ಹೊಡೆದರು. ನಾನು ಅವರನ್ನು ಮತ್ತೆ ಕೂರಿಸಿದೆ. "ಸರ್, ಮುಂದಿನವರು ಹೇಳಿದ್ದನ್ನ ಕೇಳಿ ಬಾಯಿಪಾಠ ಮಾಡ್ಯಾರ್ರಿ. ಪಟ ತಿರುವಿ ಹಾಕ್ರಿ" ಎಂದೆ. ಅವನು ನಂಬಲಿಲ್ಲ. ಆದರೂ ತಲೆಕೆಳಗು ಮಾಡಿ ತೂಗುಹಾಕಿದ. ಅತ್ತೆ ಅದೇ ಪಾಠ ಒಪ್ಪಿಸಿದರು. ಆಮೇಲೆ ಅವನು ಪಟವನ್ನೇ ಗೋಡೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬರೀ ಗೋಡೆಗೆ ಕೋಲು ಇಟ್ಟು, "ಇದು, ಅಜ್ಜಿ?" ಎಂದ.

"ಬಲಕ್ಕ," ಎಂದರು ಅತ್ತೆ, ಸುಣ್ಣದ ಗೋಡೆಯನ್ನು ದಿಟ್ಟಿಸುತ್ತ. "ಮ್ಯಾಲ. ಎಡಕ್ಕ."

ಸಾಲಿನಲ್ಲಿ ಕಣ್ಣು ಕಾಣುತ್ತಿದ್ದವರೆಲ್ಲ ನಕ್ಕರು, ಕಾಣದವರು ಏನಾಯಿತೆಂದು ಕೇಳಿ ಆಮೇಲೆ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. "ನಾ ನಪಾಸ ಆದೆನೇನು?" ಎಂದು ಮೆಲ್ಲಗೆ ಕೇಳಿದರು.

"ಆದ್ರಿ ಅಜ್ಜಿ. ನಪಾಸ ಆದವರನ್ನ ನಾವು ಬಿಜಾಪುರಕ್ಕ ಕರಕೊಂಡ ಹೋಗ್ತೇವಿ."

"ಅಲ್ಲಿ ಮತ್ತ ಪರೀಕ್ಷಾ ಐತೇನು?"

"ಇಲ್ರಿ. ಅಲ್ಲಿ ಮಲಗೋದಷ್ಟ."

ಬಿಜಾಪುರದ ದವಾಖಾನೆಯಲ್ಲಿ ಆಪರೇಷನ್‌ಗೆ ಮೊದಲು ಮೈಮೇಲಿನ ಒಡವೆ ತೆಗೆಯಲು ಹೇಳಿದರು. ಗಂಡ ಇರುವಾಗ ತಾಳಿ, ಬಳೆ ತೆಗೆಯುವುದೆಂದರೇನು ಎಂದು ಅತ್ತೆ ಮಂಚ ಇಳಿದು ಹೊರಟೇಬಿಟ್ಟರು. ಹಿರಿಯ ನರ್ಸಮ್ಮ ಇಂಥ ಎಷ್ಟೋ ಜನರನ್ನು ಕಂಡವರು. "ತಾಳಿ ಇರ್ಲಿ, ಪಟ್ಟಿ ಹಚ್ತೇನಿ. ಬಳಿಗೂ ಬಟ್ಟಿ ಸುತ್ತೂಣು. ಆ ಕೀಲಿಗೊಂಚಲ ಮಾತ್ರ ಒಳಗ ಬರಂಗಿಲ್ಲ" ಎಂದರು. ತಾಳಿಯ ಮಾತಿಗೆ ಒಪ್ಪಿದ ಅತ್ತೆ ಕೀಲಿಯ ಮಾತಿಗೆ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಸೊಂಟದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಸೊಂಟಕ್ಕ ಸಿಗಿಸ್ಕೋಬ್ಯಾಡ. ಕೈಯಾಗ ಹಿಡ್ಕೊಂಡ ಕೂಡು."

ನಾನು ಅವರು ಹೊರಗೆ ಬರುವವರೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತೆ. ಒಳಗೆ ಏನಾಯಿತೆಂದು ಆಮೇಲೆ ನರ್ಸಮ್ಮ ಹೇಳಿದರು. ಕಣ್ಣಿಗೆ ಸೂಜಿಮದ್ದು ಕೊಟ್ಟ ಮೇಲೂ ಅತ್ತೆ ಬಾಯಿ ಮುಚ್ಚಲಿಲ್ಲವಂತೆ. ಡಾಕ್ಟರ ಊರು ಯಾವುದು, ಮದುವೆ ಆಗಿದೆಯೇ, ಆಗಿಲ್ಲದಿದ್ದರೆ ಯಾಕೆ ಆಗಿಲ್ಲ ಎಂದೆಲ್ಲ ವಿಚಾರಿಸಿದರಂತೆ. "ಅಜ್ಜಿ, ಮಾತಾಡಿದ್ರ ಕಣ್ಣ ಅಲಗ್ತಾವ" ಎಂದರೆ, "ನೀವು ಉತ್ತರ ಹೇಳ್ರಿ, ನಾ ಸುಮ್ಮಾಗ್ತೇನಿ" ಎಂದರಂತೆ. ಡಾಕ್ಟರು ತಮ್ಮ ಮದುವೆಯ ಸಂಗತಿ ಹೇಳಿಯೇ ಕೆಲಸ ಮುಗಿಸಿದರು. ಈ ಸಲ ಒಂದೇ ಕಣ್ಣು; ಅದರೊಳಗೇ ಒಂದು ಚಿಕ್ಕ ಮಸೂರ ಇಟ್ಟರು. ಬೀಗತಿಯ ಹಾಗೆ ದಪ್ಪ ಕನ್ನಡಕ ಬೇಕಾಗುವುದಿಲ್ಲ ಎಂದು ತಿಳಿದಾಗ ಅತ್ತೆಗೆ ಅರ್ಧ ನೋವು ಅಲ್ಲೇ ಹೋಯಿತು.

ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿದರು. ನಾನು ಎದುರಿಗೇ ನಿಂತಿದ್ದೆ. ಅತ್ತೆ ಕಣ್ಣು ಪಿಳುಕಿಸಿದರು, ನೀರು ಒರೆಸಿಕೊಂಡರು, ಮತ್ತೆ ನೋಡಿದರು.

"ನೀ ಯಾರ ಬೇ?"

"ನಾನ್ರಿ ಅತ್ತಿ. ಸಣ್ಣಾಕಿ."

ಅವರು ನನ್ನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. "ಇಷ್ಟ ಕರ್ರಗ ಅದಿ?" ಎಂದರು. "ನಿಮ್ಮಪ್ಪ ಗೋದಿ ಬಣ್ಣ ಅಂದಿದ್ದನಲ್ಲ?"

ವಾರ್ಡಿನ ಅಷ್ಟೂ ಮಂಚಗಳು ನನ್ನ ಕಡೆ ತಿರುಗಿದವು. "ಗೋದಿ ಅಂದಿದ್ದರ್ರಿ. ಯಾವ ಗೋದಿ ಅಂತ ನೀವು ಕೇಳಿರ್ಲಿಲ್ಲ. ಜವಿಗೋದಿ ಸ್ವಲ್ಪ ಕಪ್ಪ ಇರ್ತಾವ್ರಿ" ಎಂದೆ.

ಅತ್ತೆ ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ಅಪರೂಪ. ನಗುತ್ತಲೇ ಕಣ್ಣೀರು ಒರೆಸಲು ಕೈ ಎತ್ತಿದವರು ಕೈಯನ್ನು ಅಲ್ಲೇ ನಿಲ್ಲಿಸಿದರು. ಬೆರಳು ಮಡಚಿದರು, ಬಿಡಿಸಿದರು. ಉಬ್ಬಿದ ನರ, ಸುಕ್ಕು, ಕಪ್ಪು ಚುಕ್ಕಿ. ಅವರ ನೆನಪಿನಲ್ಲಿದ್ದ ಕೈ ಬೇರೆಯದೇ ಇರಬೇಕು. "ಇವು ನಮ್ಮವ್ವನ ಕೈ ಆಗ್ಯಾವ," ಎಂದರು. ನಾನು ಕೀಲಿಗೊಂಚಲನ್ನು ಅವರ ಮಡಿಲಲ್ಲಿ ಇಟ್ಟೆ. ಅವರು ಒಂದೊಂದೇ ಕೀಲಿ ಎತ್ತಿ, ಕಣ್ಣಿಗೆ ಹಿಡಿದು, ತುಕ್ಕು ಹಿಡಿದವನ್ನು ನೋಡಿ ಬೈಯುತ್ತ ಕೂತರು.

ಮನೆಗೆ ಬಂದ ಮೇಲೆ ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಒಲೆಯ ಮುಂದೆ ಕೂರಬಾರದು ಎಂದು ಹೇಳಿ ಕಳಿಸಿದ್ದರು. ಯಾರಿಗೂ ಬೈಯಬಾರದು ಎಂದು ಹೇಳಿರಲಿಲ್ಲ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ನಡುವೆ ಮಂಚ ಹಾಕಿಸಿಕೊಂಡು ಕೂತರು. ಮೊದಲು ಕೂಗಿ ಕರೆದದ್ದು ನನ್ನ ಮಗನನ್ನು. ಅವನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕಕ್ಕೆ ಹೆದರಿ ಅವನು ಅತ್ತ. "ಸುಳ್ಳ ಹೇಳ್ಯಾಳ ನಿಮ್ಮವ್ವ. ನೀ ಪೂರಾ ಇಂಡಿಯವರಂಗ ಅದಿ" ಎಂದು ಅವನನ್ನು ಎದೆಗವಚಿಕೊಂಡರು.

ಆಮೇಲೆ ಮಾವ ಬಂದರು. ಅತ್ತೆ ಅವರನ್ನು ನೋಡಿದ್ದೇ, "ನಿಮ್ಮ ಹಲ್ಲ ಎಲ್ಲಿ ಹೋದುವು?" ಎಂದರು.

"ಬಿದ್ದುವು."

"ನನಗ ಹೇಳಲಿಲ್ಲ?"

"ನೀ ಕೇಳಲಿಲ್ಲ," ಎಂದು ಮಾವ ಕಟ್ಟೆಯ ಕಡೆ ಹೊರಟವರು, ಕಿಟಕಿಯಿಂದ ಕಟ್ಟೆ ಚೆನ್ನಾಗಿ ಕಾಣುತ್ತದೆ ಎಂಬುದು ನೆನಪಾಗಿ ವಾಪಸು ಬಂದು ಕೂತರು. ಇಸ್ಪೀಟು ಅಲ್ಲಿಗೆ ಮುಗಿಯಿತು. ಸದ್ದಿಲ್ಲದ ಟಿವಿಯೂ ಮುಗಿಯಿತು. ಜೇಡರಬಲೆ ಹೊಡೆಯಲು ನಮಗೆ ಒಂದು ವಾರ ಹಿಡಿಯಿತು. ನೆಗೆಣ್ಣಿ ಉದ್ದ ಕೋಲಿನ ತುದಿಯಲ್ಲಿ ಪೊರಕೆ ಕಟ್ಟಿಕೊಂಡು ತೊಲೆ ಗುಡಿಸುತ್ತ, "ನಿನ್ನ ಹಾಲಾ ಚಲೋ ಇತ್ತು ಬಿಡು" ಎಂದಳು.

ನಾದಿನಿ ಹೆಣ್ಣು ಹಡೆದಳು. ಅಜ್ಜಿಯರಿಬ್ಬರೂ ತೊಟ್ಟಿಲ ಎರಡು ಬದಿಗೆ ನಿಂತು ತಮ್ಮ ತಮ್ಮ ಮೂಗನ್ನು ಆ ಕೂಸಿನ ಮುಖದಲ್ಲಿ ಹುಡುಕಿದರು. ಜಗಳ ತೀರ್ಮಾನವಾಗಲಿಲ್ಲ.

ಅತ್ತೆಯ ಕಣ್ಣಿನ ಸುದ್ದಿ ಹರಡಿ ಹೆಂಗಸರು ನೋಡಲು ಬರತೊಡಗಿದರು. ಅತ್ತೆ ಆಪರೇಷನ್ನಿನ ಕಥೆಯನ್ನು ಬೆಳೆಸುತ್ತ ಹೋದರು. ಚಾಕು ದಿನದಿನಕ್ಕೆ ಉದ್ದವಾಯಿತು. ಇದರಿಂದ ಧೈರ್ಯ ಬಂದು ಹೋದವರಿಗಿಂತ ಹೆದರಿ ಹಿಂದೆ ಸರಿದವರೇ ಹೆಚ್ಚು. ನಾನು ಬಾಗಿಲಲ್ಲಿ ಅವರನ್ನು ತಡೆದು, "ಅಷ್ಟೇನೂ ಇಲ್ರಿ, ಇರಿವಿ ಕಚ್ಚಿದಂಗ ಆಗ್ತೈತಿ" ಎಂದು ತಿದ್ದಿ ಕಳಿಸುತ್ತಿದ್ದೆ.

ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಒಬ್ಬ ಮುದುಕಿ ಇದ್ದಳು, ಗಂಡ ಇಲ್ಲದವಳು. ಅವಳೂ ಕೆಲವು ವರ್ಷಗಳಿಂದ ಕಣ್ಣು ಮಂಜು ಎಂದು ಕೆಲಸ ಬಿಟ್ಟಿದ್ದಳು. ಅವಳಿಗೆ ಹೆದರಿಕೆ ಇರಲಿಲ್ಲ, ಪಂಚಾಂಗ ಇರಲಿಲ್ಲ, ಬೀಗತಿಯ ಕಾಟವೂ ಇರಲಿಲ್ಲ. ಮಗ, ಸೊಸೆ ಇಬ್ಬರೂ ದಿನಗೂಲಿಗೆ ಹೋಗುವವರು. ಯಾರಾದರೊಬ್ಬರು ಜೊತೆಗೆ ಹೋದರೆ ಅವತ್ತಿನ ಒಲೆಗೆ ತೊಂದರೆ. ಬೇರೆ ಯಾರೂ ಬಾ ಎಂದು ಕರೆದಿರಲಿಲ್ಲ, ಅಷ್ಟೇ. ಎರಡನೆಯ ಕಣ್ಣಿಗೆ ಹೊರಟಾಗ ಅತ್ತೆ ಅವಳ ಗುಡಿಸಿಲಿನ ಮುಂದೆ ನಿಂತು, "ಏ, ಸೀರಿ ಬದಲಿಸ್ಕೊಂಡ ಬಾ. ಬಿಜಾಪುರಕ್ಕ ಹೋಗೂಣು" ಎಂದರು. ಮುದುಕಿ ಎಲ್ಲಿಗೆ, ಯಾಕೆ ಎಂದು ಕೇಳದೆ ಬಂದಳು.

ದವಾಖಾನೆಯಲ್ಲಿ ಡಾಕ್ಟರು ಅವಳ ಕಣ್ಣನ್ನು ಬಹಳ ಹೊತ್ತು ನೋಡಿದರು. ಅವಳದು ಮೋತಿಬಿಂದು ಅಲ್ಲ, ಕಾಚಬಿಂದು. ಕಣ್ಣೊಳಗಿನ ಒತ್ತಡ ಏರಿ ನರವೇ ಒಣಗಿತ್ತು. "ಮೊದಲ ಬಂದಿದ್ರ ಉಳಿಸಬಹುದಿತ್ತು. ಈಗ ಏನೂ ಮಾಡಾಕ ಬರಂಗಿಲ್ಲ" ಎಂದು ನನ್ನ ಕಡೆ ನೋಡಿ ಹೇಳಿದರು, ಅವಳ ಕಡೆ ನೋಡಲಿಲ್ಲ. ಅತ್ತೆ ಡಾಕ್ಟರ ಜೊತೆ ಜಗಳಕ್ಕೆ ನಿಂತರು. ನನಗೆ ಮಾಡಿದಿರಿ, ಇವಳಿಗೆ ಯಾಕೆ ಆಗುವುದಿಲ್ಲ ಎಂದರು. ನಾನು ಎಳೆದುಕೊಂಡು ಹೊರಗೆ ಬಂದೆ. ಮುದುಕಿ ಗೋಡೆ ಸವರುತ್ತ ಹಿಂದೆ ಬಂದಳು. "ಇರ್ಲಿ ಬಿಡ್ರಿ ಅವ್ವಾರ. ಬಿಜಾಪುರ ನೋಡ್ದಂಗಾತು," ಎಂದಳು.

ಅತ್ತೆಯ ಎರಡನೆಯ ಕಣ್ಣಿಗೆ ಅವತ್ತು ಆಗದೆ ಬೇರೆ ದಿನ ಕೊಟ್ಟಿದ್ದರು. ನಾವು ಮೂವರೂ ಸಂಜೆಯ ಬಸ್ಸಿನಲ್ಲಿ ಹೊರಟೆವು. ಅತ್ತೆ ಮುದುಕಿಯನ್ನು ಕಿಟಕಿಯ ಪಕ್ಕ ಕೂರಿಸಿ ತಾವು ಮಗ್ಗುಲಿಗೆ ಕೂತರು. ಬಸ್ಸು ಬಿಜಾಪುರ ದಾಟಿದ ಮೇಲೆ ಹೊರಗೆ ಕಂಡದ್ದನ್ನು ತಾವಾಗಿಯೇ ಅವಳಿಗೆ ಹೇಳತೊಡಗಿದರು. "ಈಗ ಸೂರ್ಯಪಾನದ ಹೊಲ ಬಂತು ನೋಡು. ಹೂ ಎಲ್ಲಾ ಆ ಕಡಿ ತಿರಗ್ಯಾವ. ಈಗ ತೊಗರಿ. ಕುರಿ ಹೊಂಟಾವ."

ಮುದುಕಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಹೊಲಾ ಬ್ಯಾಡ್ರಿ ಅವ್ವಾರ," ಎಂದಳು. "ಹುಟ್ಟಿದಾಗಿಂದ ಹೊಲಾನ ನೋಡೇನಿ. ಬಸ್ಸಿನ್ಯಾಗ ಯಾರ‍್ಯಾರ ಅದಾರ, ಅದನ್ನ ಹೇಳ್ರಿ."

ಅತ್ತೆ ಸೀಟಿನಲ್ಲಿ ತಿರುಗಿ ಕೂತರು. ಕಿವಿಯಲ್ಲಿ ಹೇಳುತ್ತಿದ್ದೇನೆ ಎಂದು ಅವರ ಭಾವನೆ. ಇಡೀ ಬಸ್ಸಿಗೆ ಕೇಳುತ್ತಿತ್ತು. "ಮುಂದ ಒಬ್ಬಾಕಿ ಹಸರ ಸೀರಿ ಉಟ್ಟಾಳ, ಮ್ಯಾಲ ಕೆಂಪ ಕುಪ್ಪಸ, ಒಂದಕ್ಕೊಂದು ಹೊಂದಂಗಿಲ್ಲ. ಅಕಿ ಗಂಡ ನಿದ್ದಿ ಮಾಡಾಕತ್ತಾನ, ಬಾಯಿ ತಗದು. ಹಿಂದ ಒಬ್ಬ ಮಾಸ್ತರ ಅದಾನ, ತಲಿಗೂದಲಕ್ಕ ಬಣ್ಣ ಹಚ್ಯಾನ, ಹಣಿಗೂ ಹತ್ತೈತಿ." ಹಸಿರು ಸೀರೆಯವಳು ಹಿಂತಿರುಗಿ ನೋಡಿದಳು. ಮಾಸ್ತರು ಕರವಸ್ತ್ರ ತೆಗೆದರು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಹೆಗಲು ಅಲುಗುತ್ತಿತ್ತು. "ಮತ್ತ?" 

"ಕಂಡಕ್ಟರ ಬಂದ ನೋಡು. ವಯಸ್ಸ ಸಣ್ಣದು, ಹೊಟ್ಟಿ ದೊಡ್ಡದು."

ಕಂಡಕ್ಟರ್ ನಮ್ಮ ಸೀಟಿನ ಪಕ್ಕ ನಿಂತಿದ್ದ. ಹೊಟ್ಟೆ ಒಳಗೆಳೆದುಕೊಂಡು ಟಿಕೆಟು ಹರಿದ.